ಕಾಪುವಿನಲ್ಲಿ ನನ್ನನ್ನು ಶೇರು ಟೀಚರ್ ಎಂದರು

ನನ್ನನ್ನು ಕೆಲಸಕ್ಕೆ ತೆಗೆದುಕೊಂಡದ್ದು ನನ್ನ ಅಕ್ಷರ ನೋಡಿ. ಲೆಕ್ಕ ಬರುತ್ತದೋ ಇಲ್ಲವೋ ಎಂದು ಯಾರೂ ಕೇಳಲಿಲ್ಲ. ಉಡುಪಿಯ ರಥಬೀದಿಗೆ ತಾಗಿದ ಓಣಿಯೊಂದರಲ್ಲಿ, ಪಾತ್ರೆ ಅಂಗಡಿಯ ಮಾಳಿಗೆಯಲ್ಲಿ, ನಾಯಕರೆಂಬವರ ಸಣ್ಣ ಆಫೀಸು ಇತ್ತು. ಮುಂಬಯಿಯ ಒಬ್ಬ ದಲ್ಲಾಳಿಯ ಪರವಾಗಿ ನಮ್ಮ ಊರಿನವರಿಗೆ ಶೇರು ಕೊಡಿಸುವುದು, ಮಾರಿಸುವುದು ಅವರ ವ್ಯಾಪಾರ. ಕಂಪನಿಗಳು ಹೊಸದಾಗಿ ಶೇರು ಬಿಡುವಾಗ ಅರ್ಜಿಗಳ ಕಟ್ಟು ಪಾರ್ಸೆಲಿನಲ್ಲಿ ಬರುತ್ತಿತ್ತು. ಒಂದು ಚೌಕಕ್ಕೆ ಒಂದು ಇಂಗ್ಲಿಷ್ ಅಕ್ಷರದಂತೆ ಹೆಸರು, ವಿಳಾಸ ತುಂಬಿಸಬೇಕು. ಒಂದು ಅಕ್ಷರ ಗೆರೆ ದಾಟಿದರೂ ಅರ್ಜಿ ತಿರಸ್ಕಾರವಾದೀತೆಂಬ ಹೆದರಿಕೆ ನಾಯಕರಿಗೆ. ನಾನು ಬರೆದು ತೋರಿಸಿದ ಹಾಳೆಯನ್ನು ಕನ್ನಡಕ ಮೇಲೆತ್ತಿ ನೋಡಿ, "ನಾಳೆಯಿಂದ ಬಾ ಸುಮತಿ" ಎಂದರು. ಶೇರು ಎಂದರೆ ಏನೆಂದು ಗೊತ್ತಾದದ್ದು ಆಮೇಲೆ.

ಅದು ಎಪ್ಪತ್ತರ ದಶಕದ ಕೊನೆ. ಪರದೇಶದ ಕಂಪನಿಗಳು ತಮ್ಮ ಪಾಲನ್ನು ನಮ್ಮವರಿಗೆ ಮಾರಬೇಕೆಂಬ ಕಾನೂನು ಬಂದು, ಒಳ್ಳೊಳ್ಳೆಯ ಶೇರುಗಳು ಅಗ್ಗಕ್ಕೆ ಸಿಗುತ್ತಿದ್ದ ಕಾಲ. ಈಗ ಈ ಕೆಲಸಕ್ಕೆ ಸೇರುವ ಮಕ್ಕಳು ನನ್ನ ಹತ್ತಿರ ಬಂದು, ಕಂಪ್ಯೂಟರ್ ಇಲ್ಲದೆ ಹೇಗೆ ಮಾಡುತ್ತಿದ್ದಿರಿ ಆಂಟಿ ಎಂದು ಕೇಳುತ್ತಾರೆ. ಮುಂಬಯಿಯ ರೇಟು ಮರುದಿನದ ಪತ್ರಿಕೆಯಲ್ಲಿ ಬರುತ್ತಿತ್ತು, ಅದೂ ಮಧ್ಯಾಹ್ನದ ಬಸ್ಸಿನಲ್ಲಿ. ಟ್ರಂಕ್ ಕಾಲ್ ಬುಕ್ ಮಾಡಿ, ಊಟ ಮಾಡಿ, ಒಂದು ಸಣ್ಣ ನಿದ್ದೆ ತೆಗೆದರೂ ಲೈನು ಸಿಕ್ಕಿರುತ್ತಿರಲಿಲ್ಲ. ಆದರೆ ನಿಜವಾದ ಕಷ್ಟ ಅದಲ್ಲ ಮಕ್ಕಳೇ. ಗಿರಾಕಿ ಯಾಕೆ ಕೊಳ್ಳುತ್ತಾನೆ, ಯಾಕೆ ಮಾರುತ್ತಾನೆ ಎಂಬುದು ಅವನಿಗೇ ಗೊತ್ತಿರುವುದಿಲ್ಲ. ನಿಮ್ಮ ಕಂಪ್ಯೂಟರ್ ಅದಕ್ಕೆ ಏನೂ ಮಾಡಿದಂತೆ ಕಾಣುವುದಿಲ್ಲ.

ನಮ್ಮ ಆಫೀಸಿನ ಹತ್ತಿರವೇ ಹೋಟೆಲು ಇಟ್ಟಿದ್ದ ಭಟ್ಟರನ್ನೇ ತೆಗೆದುಕೊಳ್ಳಿ. ಅವರ ಅಡುಗೆಮನೆಗೆ ಏನು ಬರುತ್ತದೋ ಅದರ ಶೇರು ಮಾತ್ರ ಅವರಿಗೆ ಬೇಕು. ಚಹಾ ಪುಡಿ, ಬಿಸ್ಕೆಟ್, ವನಸ್ಪತಿ. ಒಮ್ಮೆ ಔಷಧಿ ಕಂಪನಿಯೊಂದರ ಅರ್ಜಿ ಹಿಡಿದುಕೊಂಡು ಹೋಗಿದ್ದೆ.

"ಔಷಧಿ ನನ್ನ ಹೋಟೆಲಿಗೆ ಬರುವುದಿಲ್ಲ ಮಾರಾಯ್ತಿ. ಕಂಡು ಗೊತ್ತಿಲ್ಲದ್ದಕ್ಕೆ ಎಂತಕ್ಕೆ ದುಡ್ಡು ಹಾಕುವುದು?" ಎಂದರು.

ಇದರಲ್ಲಿ ತೂಕವಿದೆ ಎಂದುಕೊಂಡೆ. ಮುಂದಿನ ವಾರ ಅವರೇ ಏದುಸಿರು ಬಿಡುತ್ತ ಮಾಳಿಗೆ ಹತ್ತಿ ಬಂದು, ವನಸ್ಪತಿ ಶೇರುಗಳನ್ನೆಲ್ಲ ಮಾರಿಬಿಡಿ ಎಂದರು. ಕಂಪನಿಗೆ ಏನಾಯಿತೆಂದು ನಾಯಕರು ಗಾಬರಿಯಿಂದ ಪತ್ರಿಕೆ ತಿರುವಿ ಹಾಕಿದರು. ಕಂಪನಿಗೆ ಏನೂ ಆಗಿರಲಿಲ್ಲ. ಡಬ್ಬಿಯ ಮುಚ್ಚಳ ತಾಗಿ ಭಟ್ಟರ ಅಡುಗೆಯವರ ಬೆರಳು ಕೊಯ್ದಿತ್ತು. "ಮುಚ್ಚಳ ಸರಿ ಮಾಡಲು ಬಾರದವರು ವ್ಯಾಪಾರ ಎಂತ ಮಾಡ್ತಾರೆ?" ಎಂಬುದು ಅವರ ತರ್ಕ. ಆ ಶೇರು ಆಮೇಲೆ ಚೆನ್ನಾಗಿ ಏರಿತು. ಭಟ್ಟರು ಮಾತ್ರ ಒಂದು ದಿನವೂ ಕೊರಗಲಿಲ್ಲ. ತಮ್ಮ ಲೆಕ್ಕದಲ್ಲಿ ಅವರು ಯಾವಾಗಲೂ ಸರಿ.

ಮಣಿಪಾಲದ ಕಥೆ ಬೇರೆ. ಅಲ್ಲಿ ಓದಿದವರು ಹೆಚ್ಚು. ಅಧ್ಯಾಪಕರ ಕ್ವಾರ್ಟರ್ಸಿನಲ್ಲಿ ಬೆಳಿಗ್ಗೆ ಒಂದು ಮನೆಯಲ್ಲಿ ಅರ್ಜಿಗೆ ಸಹಿ ಬಿದ್ದರೆ ಸಂಜೆಯೊಳಗೆ ಸಾಲಿನ ಎಲ್ಲ ಮನೆಗಳಲ್ಲಿಯೂ ಬೀಳುತ್ತಿತ್ತು. ಕಂಪನಿ ಏನು ತಯಾರಿಸುತ್ತದೆ ಎಂದು ಕೇಳಿದವರು ಕಡಿಮೆ; ಎದುರು ಮನೆಯವರು ಎಷ್ಟಕ್ಕೆ ಹಾಕಿದರು ಎಂದು ಕೇಳದವರೇ ಇಲ್ಲ. ಬಹಳ ಜನ ಅರ್ಜಿ ಹಾಕಿದರೆ ಚೀಟಿ ಎತ್ತಿದ ಹಾಗೆ ಕೆಲವರಿಗೆ ಮಾತ್ರ ಶೇರು ಸಿಗುತ್ತಿತ್ತು, ಉಳಿದವರಿಗೆ ಹಣ ವಾಪಸು. ಹಾಗಾಗಿ ಸಿಗದ ಶೇರೇ ಒಳ್ಳೆಯ ಶೇರು ಎಂಬ ನಂಬಿಕೆ ಬಲವಾಗಿ ಬೇರೂರಿತ್ತು. ಒಂದು ದಿನ ಒಬ್ಬ ಮೇಷ್ಟ್ರು ಸತ್ತ ಮನೆಯಿಂದ ಬಂದವರ ಮುಖ ಮಾಡಿಕೊಂಡು ಆಫೀಸಿಗೆ ಬಂದರು. ಏನಾಯಿತು ಸರ್ ಎಂದೆ. "ಕೇಳಿದ್ದಷ್ಟೂ ಶೇರು ಕೊಟ್ಟುಬಿಟ್ಟಿದ್ದಾರಮ್ಮ" ಎಂದು ಕುರ್ಚಿಯಲ್ಲಿ ಕುಸಿದರು. ಬೇಕೆಂದು ಕೇಳಿದ್ದು ಪೂರ್ತಿ ಸಿಕ್ಕಿತ್ತು. ಬೇರೆ ಯಾರಿಗೂ ಬೇಡವಾದದ್ದು ತನಗೊಬ್ಬನಿಗೆ ಯಾಕೆ ಬೇಕಾಯಿತು ಎಂಬ ಸಂಕಟ ಅವರನ್ನು ತಿನ್ನುತ್ತಿತ್ತು. ಅವರನ್ನು ಸಮಾಧಾನ ಮಾಡಲು ನಾಯಕರು ಎರಡು ಸಲ ಕಾಫಿ ತರಿಸಿದರು.

ಕಾರ್ಕಳದಲ್ಲಿ ಕಲ್ಲಿನ ಮೂರ್ತಿ ಕೆತ್ತುವ ಆಚಾರ್ಯರೊಬ್ಬರಿದ್ದರು. ಮಾತು ಚುರುಕು, ಕೈ ಇನ್ನೂ ಚುರುಕು. ಒಮ್ಮೆ ಸಿಮೆಂಟು ಕಂಪನಿಯ ಅರ್ಜಿ ಮುಂದಿಟ್ಟಾಗ ಉಳಿ ಕೆಳಗಿಟ್ಟು ನನ್ನನ್ನು ನೋಡಿದರು. "ಸಿಮೆಂಟಾ? ಆ ಹೆಸರನ್ನು ಈ ಅಂಗಳದಲ್ಲಿ ಎತ್ತಬೇಡಿ ಅಕ್ಕ. ಅಡಿಗೊಂದು ದೇವಸ್ಥಾನದವರು ಕಂಬಕ್ಕೆ ಸಿಮೆಂಟು ಸುರಿಸ್ತಾ ಇದ್ದಾರೆ. ನನ್ನ ಹೊಟ್ಟೆಗೆ ಹೊಡೆಯುವವನಿಗೆ ನಾನೇ ದುಡ್ಡು ಕೊಡುವುದಾ?"

ನಾನು ಕ್ಷಮೆ ಕೇಳಿ ಎದ್ದೆ. ಬಸ್ ನಿಲ್ದಾಣ ತಲುಪುವಷ್ಟರಲ್ಲಿ ಅವರ ತಮ್ಮ ಸೈಕಲಿನಲ್ಲಿ ಬಂದು ವಾಪಸು ಕರೆದ. ಆಚಾರ್ಯರು ಅಷ್ಟರಲ್ಲಿ ಕೈಕಾಲು ತೊಳೆದು ಕುಳಿತಿದ್ದರು. "ಯೋಚನೆ ಮಾಡಿದೆ ಅಕ್ಕ. ಕಂಬದ ಕೆಲಸ ನನಗೆ ಬಂದರೆ ಊಟ ಉಂಟು. ಸಿಮೆಂಟಿಗೆ ಹೋದರೆ ಶೇರಿನ ಲಾಭ ಉಂಟು. ಎರಡರಲ್ಲಿ ಒಂದು ನನಗೆ ಬರಬೇಕು, ಅಲ್ವಾ? ತನ್ನಿ ಇಲ್ಲಿ." ಸಿಟ್ಟಿನಿಂದಲೇ ಸಹಿ ಹಾಕಿದರು. ಅಷ್ಟು ಸಿಟ್ಟಿನಲ್ಲಿ ಅಷ್ಟು ಒಳ್ಳೆಯ ನಿರ್ಧಾರ ಮಾಡಿದವರನ್ನು ನಾನು ಬೇರೆ ಕಂಡಿಲ್ಲ.

ನಾಯಕರ ವಿಷಯವನ್ನೂ ಹೇಳಬೇಕು. ಧನಿಗಳು ಒಳ್ಳೆಯವರು, ತಿಂಗಳ ಸಂಬಳ ಒಂದು ದಿನ ತಡ ಮಾಡಿದವರಲ್ಲ. ಆದರೆ ಗುಟ್ಟು ಕಾಯುವ ಹುಚ್ಚು ಅವರಿಗೆ. ತಂತಿ ಕಚೇರಿಯವರಿಗೆ ನಮ್ಮ ವ್ಯವಹಾರ ತಿಳಿಯಬಾರದೆಂದು ಕಂಪನಿಗಳಿಗೆಲ್ಲ ತರಕಾರಿಯ ಹೆಸರಿಟ್ಟಿದ್ದರು. ಮುಂಬಯಿಗೆ ಹೋಗುವ ನಮ್ಮ ತಂತಿಯಲ್ಲಿ ಗುಳ್ಳ ಐವತ್ತು ಮಾರಿ, ಬೆಂಡೆ ನೂರು ಕೊಳ್ಳಿ ಎಂದೇ ಇರುತ್ತಿತ್ತು. ಕೊನೆಗೆ ತಂತಿ ಕಚೇರಿಯ ಗುಮಾಸ್ತರು ಚೀಲ ಹಿಡಿದು ಮಾಳಿಗೆ ಹತ್ತಿ, ಮನೆಯಲ್ಲಿ ನೆಂಟರಿದ್ದಾರೆ, ನಿಮ್ಮ ಲೋಡಿನಿಂದ ಮಟ್ಟುಗುಳ್ಳ ಎರಡು ಕಿಲೋ ಕೊಡಬಹುದೇ ಎಂದು ಕೇಳಿದರು. ಗುಟ್ಟು ಬಿಟ್ಟುಕೊಡಲಾರದೆ ನಾಯಕರು ಮಾರ್ಕೆಟ್ಟಿಗೆ ಹೋಗಿ ಕೊಂಡು ತಂದುಕೊಟ್ಟರು.

ಇನ್ನೊಂದು ಗುಣ, ನಷ್ಟದ ಶೇರನ್ನು ಅವರು ಮಾರಿದವರೇ ಅಲ್ಲ. ಉತ್ತರದ ಒಂದು ಬಟ್ಟೆ ಗಿರಣಿಯ ಶೇರನ್ನು ಏರಿದ್ದ ಕಾಲದಲ್ಲಿ ಕೊಂಡಿದ್ದರು. ಅದು ಇಳಿಯಿತು, ಇನ್ನೂ ಇಳಿಯಿತು, ಗಿರಣಿಗೆ ಬೀಗ ಬಿತ್ತು. ದಿನಾ ಪತ್ರಿಕೆ ಬಂದ ಕೂಡಲೇ ಮೊದಲು ಅದನ್ನೇ ಹುಡುಕುವರು. "ಮಾರಿದರೆ ತಾನೇ ನಷ್ಟ? ಇಟ್ಟುಕೊಂಡರೆ ಎಂತ ನಷ್ಟ?" ಎಂದು ನನ್ನನ್ನೇ ಕೇಳುವರು. ಲಾಭ ತೋರಿಸಿದ ಶೇರನ್ನು ಮಾತ್ರ ಬೇಗ ಬೇಗ ಮಾರಿ ಕೈ ತೊಳೆದುಕೊಳ್ಳುತ್ತಿದ್ದರು. ನಮ್ಮ ಗಿರಾಕಿಗಳಲ್ಲಿ ಮುಕ್ಕಾಲು ಪಾಲು ಜನ ಹೀಗೆಯೇ. ಸೋತದ್ದನ್ನು ಒಪ್ಪಿಕೊಳ್ಳುವುದಕ್ಕಿಂತ ಗೆದ್ದದ್ದನ್ನು ಬಿಟ್ಟುಕೊಡುವುದು ಮನುಷ್ಯನಿಗೆ ಸುಲಭ ಎಂದು ನಾನು ಕಲಿತದ್ದು ಆ ಆಫೀಸಿನಲ್ಲಿ.

ಕಾಪುವಿಗೆ ನನ್ನನ್ನು ಕಳಿಸಲು ಶುರುಮಾಡಿದ್ದು ಗಲ್ಫಿನ ಹಣ ಬರತೊಡಗಿದ ಮೇಲೆ. ಕರಾವಳಿಯ ಮುಸಲ್ಮಾನರಾದ ಬ್ಯಾರಿಗಳ ಮನೆಗಳಲ್ಲಿ ಗಂಡಸರು ದುಬಾಯಿ, ಮಸ್ಕತ್ ಎಂದು ಹೋಗಿದ್ದರು. ಡ್ರಾಫ್ಟು ಬರುತ್ತಿದ್ದದ್ದು ಹೆಂಗಸರ ಹೆಸರಿಗೆ. ಗಂಡಸು ಏಜೆಂಟ್ ಹೋದರೆ ಜಗಲಿಯಲ್ಲೇ ಮಾತು ಮುಗಿಯುತ್ತಿತ್ತು. ನಾನಾದರೆ ನೇರ ಅಡುಗೆಮನೆಗೆ. ಅರ್ಜಿ ತುಂಬಿಸಿ, ಸಹಿ ಹಾಕುವುದನ್ನು ಕಲಿಸುತ್ತಿದ್ದೆನಾದ್ದರಿಂದ ಅವರ ಬಾಯಲ್ಲಿ ನಾನು ಶೇರು ಟೀಚರ್ ಆದೆ. ಬಡ್ಡಿ ಅವರಿಗೆ ನಿಷಿದ್ಧ. ಬ್ಯಾಂಕಿನ ಡಿಪಾಸಿಟ್ ಎಂದರೆ ಮುಖ ತಿರುಗಿಸುವರು. ಚಿನ್ನ ಮಾಡಿಸುವರು, ಜಾಗ ಕೊಳ್ಳುವರು. ಶೇರೆಂದರೆ ಏನೆಂದು ಮೊದಲು ವಿಚಾರಿಸಿದವಳು ಐಸಮ್ಮ. ಆಕೆಯ ಗಂಡ ಮೋನಬ್ಬ ಗಲ್ಫಿನಲ್ಲಿ ಒಂದು ಗೋದಾಮಿನ ಕೆಲಸದಲ್ಲಿದ್ದರು, ಎರಡು ವರ್ಷಕ್ಕೊಮ್ಮೆ ಊರಿಗೆ ಬರುತ್ತಿದ್ದರು. ನಾನು ಮತ್ತು ಐಸಮ್ಮ ಮಾತಾಡುತ್ತಿದ್ದದ್ದು ತುಳುವಿನಲ್ಲಿ. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಇದು ಬಡ್ಡಿಯಾ ಟೀಚರ್, ಪಾಲಾ?"

"ಪಾಲು. ವ್ಯಾಪಾರದಲ್ಲಿ ಲಾಭವಾದರೆ ಉಂಟು, ಆಗದಿದ್ದರೆ ಇಲ್ಲ."

"ಹಾಗಾದರೆ ಆಗಬಹುದು. ಸಾರಾಯಿ ಕಂಪನಿ ಬೇಡ, ಸಾಲ ಕೊಡುವ ಕಂಪನಿ ಬೇಡ. ಸಿಗರೇಟಿನದ್ದೂ ಬೇಡ. ಮದುವೆಗೆ ಮೊದಲು ಬೀಡಿ ಕಟ್ಟಿ ಕಟ್ಟಿ ನನ್ನ ಬೆರಳು ಸವೆದಿದೆ."

ಉಳಿದದ್ದು ಸಾಬೂನು, ಸೈಕಲ್, ಔಷಧಿ. ಯಾಕೆ ಹಣ ಕೂಡಿಸುತ್ತಿದ್ದೇನೆ ಎಂಬುದನ್ನೂ ಆಕೆ ಮೊದಲ ದಿನವೇ ಹೇಳಿದಳು. ಕಾಪು ಪೇಟೆಯಲ್ಲಿ ಒಂದು ಅಂಗಡಿ ಕೋಣೆ, ಅದರೊಳಗೆ ಸ್ವಲ್ಪ ಬಟ್ಟೆ ಮಾಲು. ಅಷ್ಟಾದ ದಿನ ಮೋನಬ್ಬ ಗಲ್ಫು ಬಿಟ್ಟು ಬರಬೇಕು. ನನ್ನ ಗಿರಾಕಿಗಳಲ್ಲಿ ಇಂತಿಷ್ಟಾದರೆ ಸಾಕು ಎಂದು ಮೊದಲೇ ಹೇಳಿದವರು ಬೇರೆ ಯಾರೂ ನೆನಪಿಗೆ ಬರುವುದಿಲ್ಲ. ಎಲ್ಲರೂ ಏರಲಿ, ನೋಡೋಣ ಎನ್ನುವವರೇ.

ಎಂಬತ್ತರ ದಶಕದ ನಡುವೆ ಶೇರು ಪೇಟೆ ಏರತೊಡಗಿತು. ಅಂಥ ಏರಿಕೆಯನ್ನು ನಾಯಕರೂ ಕಂಡಿರಲಿಲ್ಲ. ಬಸ್ಸಿನಲ್ಲಿ, ಕ್ಷೌರದಂಗಡಿಯಲ್ಲಿ, ಮದುವೆ ಊಟದ ಪಂಕ್ತಿಯಲ್ಲಿ ಅದೇ ಮಾತು. ಐಸಮ್ಮನ ಶೇರುಗಳ ಬೆಲೆ ಅಂಗಡಿಗೆ ಬೇಕಾದ ಮಟ್ಟ ಮುಟ್ಟಿತು. ಅದೇ ಹೊತ್ತಿಗೆ ಕೋಣೆಯ ಯಜಮಾನರು, ಬೇಕಾದರೆ ಈಗಲೇ ಹೇಳಿ, ಇಲ್ಲವಾದರೆ ಬೇರೆಯವರಿಗೆ ಕೊಡುತ್ತೇನೆ ಎಂದರು. ಆದರೆ ಮೋನಬ್ಬರ ತಮ್ಮ ಉಮರಬ್ಬನಿಗೆ ಶೇರಿನ ಜ್ವರ ಹಿಡಿದಿತ್ತು. ಪತ್ರಿಕೆಯ ರೇಟುಗಳನ್ನು ಬರೆದು ಬರೆದು ಅಣ್ಣನಿಗೆ ಕಳಿಸುತ್ತಿದ್ದ. ಇನ್ನೆರಡು ವರ್ಷ ಅಲ್ಲಿ ನಿಂತು ಹಣ ಕಳಿಸಿದರೆ ಒಂದಲ್ಲ, ಮೂರು ಕೋಣೆ ಹಿಡಿಯಬಹುದು ಎಂಬುದು ಅವನ ಲೆಕ್ಕ.

ಆ ಕಾಲದಲ್ಲಿ ಗಲ್ಫಿನವರು ಕಾಗದ ಬರೆಯುವುದಕ್ಕಿಂತ ಕ್ಯಾಸೆಟ್ಟಿನಲ್ಲಿ ಮಾತಾಡಿ ಕಳಿಸುವುದೇ ಹೆಚ್ಚು. ರಜೆಯಲ್ಲಿ ಊರಿಗೆ ಬರುವ ಯಾರದ್ದೋ ಪೆಟ್ಟಿಗೆಯಲ್ಲಿ ಅತ್ತರು, ಬಟ್ಟೆಗಳ ಜೊತೆಗೆ ಕ್ಯಾಸೆಟ್ಟೂ ಬರುತ್ತಿತ್ತು. ಒಂದು ಮಧ್ಯಾಹ್ನ ಐಸಮ್ಮ ಹೇಳಿಕಳಿಸಿದಳು, ಕ್ಯಾಸೆಟ್ ಬಂದಿದೆ, ನಿಮ್ಮ ಹೆಸರೂ ಅದರಲ್ಲಿ ಉಂಟು ಎಂದು. ಹೋದೆ. ಉಮರಬ್ಬನೂ ಇದ್ದ. ಟೇಪ್ ರೆಕಾರ್ಡರನ್ನು ಮಣೆಯ ಮೇಲಿಟ್ಟು ಒತ್ತಿದಳು. ಮೋನಬ್ಬರ ಮಾತು ಬ್ಯಾರಿ ಭಾಷೆಯಲ್ಲಿ. ನನಗೆ ಬಹುಪಾಲು ಅರ್ಥವಾಗುತ್ತಿತ್ತು. ಉತ್ಸಾಹದ ಸ್ವರ. ರೇಟು ಏರುತ್ತಾ ಉಂಟು, ಈಗ ಮಾರುವುದು ದಡ್ಡತನ, ಟೀಚರ್‌ಗೆ ಹೇಳು, ಒಂದು ಶೇರೂ ಮಾರಬಾರದು, ನಾನು ಇನ್ನೆರಡು ವರ್ಷ ಇಲ್ಲಿಯೇ ಇರುತ್ತೇನೆ. ಉಮರಬ್ಬನ ಮುಖ ಅರಳಿತು.

ಐಸಮ್ಮ ಕ್ಯಾಸೆಟ್ ನಿಲ್ಲಿಸಲಿಲ್ಲ. "ಇನ್ನೂ ಉಂಟು" ಎಂದಳು.

ಟಪ್ ಎಂದು ಒಂದು ಸದ್ದಾಗಿ, ಮತ್ತೆ ಮೋನಬ್ಬರ ಸ್ವರ ಬಂತು, ಒಂದು ಮಾತಿನ ನಡುವಿನಿಂದ. ಸ್ವರ ಸೋತಿತ್ತು. ಈ ಗೋಡೆ ನೋಡಿ ನೋಡಿ ಸಾಕಾಯಿತು. ಕೋಣೆಗೆ ಆಗುವಷ್ಟು ಆಗಿದ್ದರೆ ಟೀಚರ್‌ಗೆ ಹೇಳಿ ಮಾರಿಸು. ನಾನು ಬರುತ್ತೇನೆ. ಮಕ್ಕಳಿಗೆ ಹೇಳಬೇಡ, ಸುಮ್ಮನೆ ಬಂದು ಅಂಗಳದಲ್ಲಿ ನಿಲ್ಲುತ್ತೇನೆ.

ಅಷ್ಟಕ್ಕೆ ಮುಗಿಯಿತು. ನಮಗೆಲ್ಲ ವಿಷಯ ತಿಳಿಯಿತು. ಮೊದಲು ಹೀಗೆ ಮಾತಾಡಿ ಇಟ್ಟಿದ್ದರು, ಕಳಿಸುವ ಮೊದಲೇ ತಮ್ಮನ ರೇಟಿನ ಪಟ್ಟಿ ಬಂದಿದೆ. ಅದೇ ಕ್ಯಾಸೆಟ್ಟಿನ ಮೇಲೆ ಹೊಸ ಮಾತು ತುಂಬಿಸಿದ್ದಾರೆ. ಹೊಸ ಮಾತು ಸ್ವಲ್ಪ ಕಡಿಮೆಯಾಗಿ ಹಳೆಯದರ ಬಾಲ ಉಳಿದುಬಿಟ್ಟಿದೆ.

"ಅದು ಹಳೇದು ಅತ್ತಿಗೆ, ಅಳಿಸಿದ್ದು. ಅದಕ್ಕೆ ಲೆಕ್ಕ ಇಲ್ಲ" ಎಂದ ಉಮರಬ್ಬ.

"ಮೊದಲು ಕೇಳಿಸಿದ್ದು ರೇಟು ನೋಡಿ ಆಡಿದ ಮಾತು. ಆಮೇಲೆ ಕೇಳಿಸಿದ್ದು ಅವರ ಮಾತು" ಎಂದಳು ಐಸಮ್ಮ. ನನ್ನತ್ತ ತಿರುಗಿ, "ಶೇರು ಯಾರ ಹೆಸರಿನಲ್ಲಿ ಉಂಟು ಟೀಚರ್?"

"ನಿಮ್ಮ ಹೆಸರಿನಲ್ಲಿ."

"ಮಾರಿ."

ನಾನೂ ತಡೆದು ನೋಡಿದೆ. ಏರುವ ಶೇರನ್ನು ಮಾರಿಸಲು ಯಾರಿಗೂ ಮನಸ್ಸು ಬರುವುದಿಲ್ಲ, ನನಗೂ ಬರಲಿಲ್ಲ. ಮರುದಿನ ಆಕೆಯೇ ಉಡುಪಿಗೆ ಬಂದಳು, ಹಿಂದೆಯೇ ಉಮರಬ್ಬ. ನಾಯಕರು ಇಬ್ಬರ ಮಾತನ್ನೂ ಕೇಳಿದರು. ಇನ್ನೂ ಏರುವ ಸಂಭವ ಉಂಟು, ಯೋಚನೆ ಮಾಡಿ ಎಂದು ಐಸಮ್ಮನಿಗೆ ಹೇಳಿದರು. ಯೋಚನೆ ಮಾಡಿ ಆಗಿದೆ ಎಂದಳು. ಆಮೇಲೆ ನಾಯಕರು ಉಮರಬ್ಬನಿಗೆ, "ನೋಡು ತಮ್ಮ, ಶೇರು ಯಾರದ್ದೋ, ಮಾತೂ ಅವರದ್ದೇ. ನಾನು ನಿನ್ನ ಅಣ್ಣನನ್ನು ಕಂಡವನಲ್ಲ, ಈಯಮ್ಮನ ಸಹಿಯನ್ನು ಮಾತ್ರ ಕಂಡವನು" ಎಂದರು. ಅವರ ಬಾಯಿಂದ ಅಂಥ ಮಾತು ಬಂದದ್ದು ಕೇಳಿ ನನಗೆ ಹೆಮ್ಮೆಯಾಯಿತು. ಆಮೇಲೆ ಎಂದಿನಂತೆ ಪಂಚಾಂಗ ತೆಗೆದು, "ಈಗ ರಾಹುಕಾಲ, ಸ್ವಲ್ಪ ಕೂತುಕೊಳ್ಳಿ" ಎಂದರು.

"ನಮಗೆ ರಾಹುಕಾಲ ಇಲ್ಲ ಧನಿಗಳೇ, ಕಳಿಸಿ" ಎಂದಳು ಐಸಮ್ಮ. ನಾಯಕರು ಜೀವನದಲ್ಲಿ ಮೊದಲ ಸಲ ರಾಹುಕಾಲದಲ್ಲಿ ತಂತಿ ಕಳಿಸಿದರು.

ಇಷ್ಟಕ್ಕೆ ಮುಗಿದಿದ್ದರೆ ಚೆನ್ನಾಗಿತ್ತು. ಶೇರು ಮಾರುವಾಗ ವರ್ಗಾವಣೆ ಪತ್ರಕ್ಕೆ ಸಹಿ ಹಾಕಬೇಕು. ಮುಂಬಯಿಯಿಂದ ಕಾಗದಗಳೆಲ್ಲ ವಾಪಸು ಬಂದವು, ಸಹಿ ತಾಳೆಯಾಗುವುದಿಲ್ಲ ಎಂದು. ಯಾಕೆಂದು ನೋಡಿದರೆ, ನಾನು ಸಹಿ ಕಲಿಸಿದ ಕಾಲದಲ್ಲಿ ಐಸಮ್ಮನ ಅಕ್ಷರ ವಕ್ರವಕ್ರ. ಕಂಪನಿಯವರಲ್ಲಿ ಇದ್ದದ್ದು ಆ ಸಹಿ. ಆಮೇಲೆ ಮಕ್ಕಳ ಜೊತೆ ಕೂತು ಕಾಪಿ ಬರೆದೂ ಬರೆದೂ ಅವಳ ಅಕ್ಷರ ಮುತ್ತಿನಂತಾಗಿತ್ತು. ಅಷ್ಟರಲ್ಲಿ ರೇಟು ಇನ್ನೂ ಮೇಲೆ ಹೋಗಿತ್ತು. ದೇವರೇ ತಡೆದದ್ದು ಎಂದ ಉಮರಬ್ಬ. ನಾಯಕರೂ ತಲೆಯಾಡಿಸಿದರು.

ನಾನು ಹಳೆಯ ಅರ್ಜಿಯ ನಕಲು ಹಿಡಿದುಕೊಂಡು ಕಾಪುವಿಗೆ ಹೋದೆ. ಐಸಮ್ಮನಿಗೆ ಬೇಸರವೂ ಇಲ್ಲ, ಸಂಶಯವೂ ಇಲ್ಲ. ಅಡುಗೆಮನೆಯ ನೆಲದಲ್ಲಿ ಕೂತು, ಕೆಟ್ಟದಾಗಿ ಬರೆಯುವುದನ್ನು ಅಭ್ಯಾಸ ಮಾಡತೊಡಗಿದೆವು. ಬರೆದದ್ದೆಲ್ಲ ಚಂದವಾಗಿಯೇ ಬರುತ್ತಿತ್ತು. ಎಡಗೈಯಲ್ಲಿ ಬರೆದರೆ ಬೇರೆಯೇ ಯಾರೋ ಬರೆದ ಹಾಗೆ.

"ಆಗ ಕೈ ನಡುಗುತ್ತಿತ್ತು ಟೀಚರ್. ಈಗ ನಡುಗುವುದಿಲ್ಲ. ಎಂತ ಮಾಡುವುದು?" ಎಂದು ನಕ್ಕಳು. ನನಗೂ ನಗು ತಡೆಯಲಿಲ್ಲ. ಕಲಿಸಿದ್ದನ್ನು ಮರೆಸಲು ಹೊರಟ ಟೀಚರ್ ನಾನೊಬ್ಬಳೇ ಇರಬೇಕು. ಮನೆಯಲ್ಲಿದ್ದ ಹಳೆಯ ಪತ್ರಿಕೆಗಳ ಅಂಚೆಲ್ಲ ಅವಳ ಹೆಸರಿನಿಂದ ತುಂಬಿದ ಮೇಲೆ, ಒಂದು ವಕ್ರ ಸಹಿ ಹಳೆಯದರಂತೆಯೇ ಬಂತು. ಕೈ ಆ ಹದ ಮರೆಯುವ ಮೊದಲೇ ವರ್ಗಾವಣೆ ಪತ್ರಗಳನ್ನು ಮುಂದಿಟ್ಟೆ. ಈ ಸಲ ಅವು ವಾಪಸು ಬರಲಿಲ್ಲ.

ಕೋಣೆಗೆ ಮುಂಗಡ ಕೊಟ್ಟ ದಿನ ಮೋನಬ್ಬರಿಗೆ ತಂತಿ ಕೊಟ್ಟದ್ದೂ ನಾನೇ. ಅಂಗಡಿ ಹಿಡಿದಾಗಿದೆ, ಬನ್ನಿ. ಅದರಲ್ಲಿ ತರಕಾರಿ ಹೆಸರು ಯಾವುದೂ ಇರಲಿಲ್ಲ. ಉತ್ತರ ಬರಲಿಲ್ಲ. ಐಸಮ್ಮ ಹೊರಗೆ ಗಟ್ಟಿಯಾಗಿದ್ದರೂ ಆ ವಾರಗಳಲ್ಲಿ ನನಗೆ ಚಹಾ ಕೊಡುವಾಗ ಎರಡು ಸಲ ಸಕ್ಕರೆ ಮರೆತಳು. ಗಂಡ ಸಿಟ್ಟುಮಾಡಿ ಅಲ್ಲಿಯೇ ಉಳಿದರೆ ಏನು ಮಾಡುವುದು ಎಂದು ನಾನೂ ಒಳಗೊಳಗೆ ಹೆದರಿದ್ದೆ. ಒಂದು ದಿನ ಕಾಪುವಿಗೆ ಹೋದಾಗ ಅಂಗಳದಲ್ಲಿ ಲುಂಗಿ ಉಟ್ಟ ಗಂಡಸೊಬ್ಬರು ಬಾವಿಯ ರಾಟೆಗೆ ಎಣ್ಣೆ ಬಿಡುತ್ತಿದ್ದರು. ನನ್ನನ್ನು ಕಂಡು, "ನೀವಾ ಟೀಚರ್?" ಎಂದಷ್ಟೇ ಕೇಳಿ ಒಳಗೆ ಹೋದರು. ಸಿಟ್ಟು ಇನ್ನೂ ಇತ್ತೆಂದು ಕಾಣುತ್ತದೆ.

ಬಟ್ಟೆ ಅಂಗಡಿ ಮೆಲ್ಲಮೆಲ್ಲಗೆ ಕಾಲೂರಿ ನಿಂತಿತು. ಶೇರು ಪೇಟೆ ಆಮೇಲೆ ಇಳಿಯಿತು, ಮತ್ತೆ ಏರಿತು. ಐಸಮ್ಮನ ತೀರ್ಮಾನವನ್ನು ಸರಿಯೆಂದು ತೋರಿಸಲು ಪೇಟೆ ಮುರಿದು ಬೀಳಬೇಕಿತ್ತು. ಕಥೆ ಕೇಳಿದವರೆಲ್ಲ ಹಾಗೆಯೇ ಆಯಿತೆಂದು ತಿಳಿಯುತ್ತಾರೆ. ಆಕೆ ಮಾರಿದ ಶೇರುಗಳಿಗೆ ಹಾಗೇನೂ ಆಗಲಿಲ್ಲ. ಎರಡು ವರ್ಷ ಕಳೆಯುವಾಗ ಅವುಗಳ ಬೆಲೆ ಇಮ್ಮಡಿಯಾಗಿತ್ತು.

ಆಗಲೇ ಮೋನಬ್ಬ ಮಾಲು ಕೊಳ್ಳಲು ಉಡುಪಿಗೆ ಬಂದವರು ನಮ್ಮ ಮಾಳಿಗೆ ಹತ್ತಿದರು. ಕೂತು, ನೀರು ಕುಡಿದು, ನಮ್ಮ ಆ ಶೇರಿಗೆ ಈಗ ಎಷ್ಟು ಎಂದು ಕೇಳಿದರು. ಸುಳ್ಳು ಹೇಳುವ ಹಾಗಿರಲಿಲ್ಲ. ಹೇಳಿದೆ. ಅವರು ಬೆರಳು ಮಡಿಸಿ ಲೆಕ್ಕ ಹಾಕಿದರು. ನಾಯಕರು ಪತ್ರಿಕೆಯ ಹಿಂದೆ ಮುಖ ಮರೆಸಿಕೊಂಡರು. ಇನ್ನು ಬೈಗುಳ ಬರುತ್ತದೆಂದು ನಾನು ಕಾದೆ.

"ಎರಡು ವರ್ಷ ಅಂತ ಹೇಳಿದ್ದೆ ಅಲ್ವಾ ಟೀಚರ್? ಈಗ ಆ ಎರಡು ವರ್ಷ ಮುಗಿಯಿತು" ಎಂದರು.

"ಹೌದು" ಎಂದೆ.

"ಅಲ್ಲಿಯೇ ಇದ್ದು ಈ ರೇಟು ನೋಡಿದ್ದರೆ, ಇನ್ನೂ ಎರಡು ವರ್ಷ ಅಂತ ಮತ್ತೊಂದು ಕ್ಯಾಸೆಟ್ ಕಳಿಸುತ್ತಿದ್ದೆ."

ಅವರು ಗೋಡೆಯ ಗಡಿಯಾರ ನೋಡಿ ಗಡಿಬಿಡಿಯಲ್ಲಿ ಎದ್ದರು. ಐಸಮ್ಮ ಅಂಗಡಿಯಲ್ಲಿ ಒಬ್ಬಳೇ ಇದ್ದಾಳೆ, ಈ ಬಸ್ಸು ತಪ್ಪಿದರೆ ಅರ್ಧ ಗಂಟೆ ತಡವಾಗುತ್ತದೆ, ಬೈಯುತ್ತಾಳೆ ಎನ್ನುತ್ತ ಮೆಟ್ಟಿಲು ಇಳಿದರು.